ನೀರು ಪರೀಕ್ಷೆಯ ಪುಟ್ಟ ಬಾಟಲಿ: ಐದಕ್ಕೆ ನಾಲ್ಕು ಸ್ಟಾರ್

ದಾವಣಗೆರೆಯ ವಿದ್ಯಾನಗರದ ಹತ್ತಿರ ನಂದೊಂದು ಸಣ್ಣ ಮೆಸ್ ಇದೆ. ಮೂವತ್ತೆರಡು ಹುಡುಗರು, ಎರಡು ಹೊತ್ತಿನ ಊಟ. ರೊಟ್ಟಿ ದಪ್ಪ ಅಂತ ಒಬ್ಬ, ಸಾರು ತೆಳು ಅಂತ ಇನ್ನೊಬ್ಬ, ದಿನಾ ಒಂದು ತಕರಾರು ಇದ್ದೇ ಇರುತ್ತದೆ. ನೀರಿನ ಬಗ್ಗೆ ಮಾತ್ರ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೋದ ಮಳೆಗಾಲದಲ್ಲಿ ಒಂದೇ ವಾರಕ್ಕೆ ಐದು ಹುಡುಗರು ಭೇದಿ ಹತ್ತಿ ಮಲಗಿದರು. ದೇವರ ದಯೆ, ಕಾಲರಾ ಅಲ್ಲ. ಆದರೆ ನನಗೆ ನಿದ್ದೆ ಹೋಯಿತು. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ಇನ್ನೂ ಮರೆತಿಲ್ಲ ನೋಡಿ.

ನಮ್ಮ ಮೆಸ್ಸಿನಲ್ಲಿ ಉಣ್ಣುವ ಮೆಡಿಕಲ್ ಹುಡುಗನೊಬ್ಬ, "ಆಂಟಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ತಗೊಂಡು ನೋಡಿಬಿಡಿ, ನೀರಿಗೆ ಮಲ ಸೇರಿದ್ಯಾ ಅಂತ ಗೊತ್ತಾಗುತ್ತೆ" ಎಂದ. ಹತ್ತು ಬಾಟಲಿ ತರಿಸಿದೆ, 350 ರೂಪಾಯಿ ಆಯಿತು. ಇದು ಹೊಸ ವಿದೇಶಿ ಸಾಮಾನೇನಲ್ಲ. 1982ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಈ ಪರೀಕ್ಷೆಯನ್ನು ಪ್ರಕಟಿಸಿದ್ದರಂತೆ. ಬಾಟಲಿ ಬೆರಳುದ್ದ ಇದೆ. ತಳದಲ್ಲಿ ಔಷಧಿ ಹೀರಿ ಒಣಗಿದ ಕಾಗದದ ತುಂಡು. ಗೆರೆ ಇರುವ ತನಕ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಬೆಚ್ಚಗಿರುವ ಕಡೆ ಇಡಬೇಕು. ಒಂದು ಅಥವಾ ಎರಡು ದಿನದಲ್ಲಿ ನೀರು ಮಸಿಯಂತೆ ಕಪ್ಪಾದರೆ ಅದಕ್ಕೆ ಮಲ ಸೇರಿರುವ ಸಾಧ್ಯತೆ ಜಾಸ್ತಿ. ಕಪ್ಪಾಗದಿದ್ದರೆ ಸದ್ಯಕ್ಕೆ ಉಸಿರು ಬಿಡಬಹುದು. ಓದು ಬರಹ ಬಾರದ ನಮ್ಮ ಪಾತ್ರೆ ತೊಳೆಯುವ ಅಕ್ಕನೂ ನೋಡಿ ಹೇಳಬಲ್ಲಳು. ನನಗೆ ಮೊದಲು ಹಿಡಿಸಿದ್ದೇ ಅದು.

ನಾಲ್ಕು ಬಾಟಲಿಗೆ ನಾಲ್ಕು ಕಡೆಯ ನೀರು ತುಂಬಿ, ಪ್ಲಾಸ್ಟರ್ ಅಂಟಿಸಿ ಹೆಸರು ಬರೆದು, ಹಿಟ್ಟಿನ ಡಬ್ಬಗಳ ಹಿಂದೆ ಇಟ್ಟೆ. ನಳದ್ದು, ಸಂಪಿನದ್ದು, ಐದು ರೂಪಾಯಿ ಕಾಯಿನ್ ಹಾಕಿ ತರುವ ಶುದ್ಧ ನೀರಿನ ಘಟಕದ್ದು, ಊಟದ ಕೋಣೆಯಲ್ಲಿ ಆ ಘಟಕದ ನೀರು ತುಂಬಿಡುವ ಕ್ಯಾನಿನದ್ದು. ಮರುದಿನ ಮಧ್ಯಾಹ್ನ ರೊಟ್ಟಿ ತಟ್ಟುವಾಗ ನೋಡಿದರೆ ಸಂಪಿನ ಬಾಟಲಿ ಕಾಡಿಗೆ ಆಗಿತ್ತು. ಅದು ಅರ್ಧ ನಿರೀಕ್ಷೆ ಇತ್ತು ಬಿಡಿ. ಎದೆ ಧಸಕ್ ಎಂದಿದ್ದು ಸಂಜೆಗೆ, ಕ್ಯಾನಿನ ಬಾಟಲಿಯೂ ಕಪ್ಪಾದಾಗ. ಅದೇ ಘಟಕದ ನಳಕ್ಕೆ ನೇರವಾಗಿ ಹಿಡಿದ ಬಾಟಲಿ ಎರಡು ದಿನ ಆದರೂ ಏನೂ ಆಗಲಿಲ್ಲ. ಅಂದರೆ ನೀರು ಚೆನ್ನಾಗಿತ್ತು, ಕೆಟ್ಟಿದ್ದು ನಮ್ಮ ಕ್ಯಾನ್. ಘಟಕದಲ್ಲಿ ಸೋಸಿ ಕೊಡುವ ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಆಮೇಲೆ ಸೇರುವ ಕೊಳೆಯನ್ನು ತಡೆಯುವವರು ಯಾರೂ ಇರುವುದಿಲ್ಲ. ಕ್ಯಾನಿನೊಳಗೆ ಕೈ ಹಾಕಿ ಲೋಟ ಅದ್ದುವವರು ನಾವೇ. ಆರು ವರ್ಷದಿಂದ ಒಂದೇ ಕ್ಯಾನ್. ಒಳಗೆ ಬೆರಳಾಡಿಸಿದರೆ ಲೋಳೆ.

ಸಂಪಿನ ಕಥೆ ಬೇರೆ. ಪ್ಲಂಬರ್ ಬಂದು ನೀರು ಖಾಲಿ ಮಾಡಿಸಿದ. ಯುಜಿಡಿ (ಒಳಚರಂಡಿ) ಚೇಂಬರ್ ಇರುವ ಕಡೆಯ ಗೋಡೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಚೇಂಬರಿಗೂ ಸಂಪಿಗೂ ನಡುವೆ ನಾಲ್ಕೇ ಅಡಿ. ಮಳೆ ಬಂದು ಚೇಂಬರ್ ಕಟ್ಟಿಕೊಂಡಾಗ ಅಲ್ಲಿಂದಲೇ ಜಿನುಗುತ್ತಿತ್ತು. ಬೀದಿ ಪೈಪಿನದೂ ಇದೇ ಕಥೆ ಎಂದು ಪ್ಲಂಬರ್ ಹೇಳಿದ. ನಮ್ಮಲ್ಲಿ ನೀರು ದಿನಾ ಬಿಡುವುದಿಲ್ಲ. ಬಿಡದ ದಿನ ಪೈಪು ಖಾಲಿ. ಎಲ್ಲಾದರೂ ತೂತಿದ್ದರೆ ಅಕ್ಕಪಕ್ಕದ ಚರಂಡಿ ನೀರನ್ನೇ ಎಳೆದುಕೊಳ್ಳುತ್ತದೆ. ಅದಕ್ಕೇ ನೀರಗಂಟಿ ವಾಲ್ವ್ ತಿರುಗಿಸಿದ ಮೊದಲ ಹತ್ತು ನಿಮಿಷದ ನೀರನ್ನು ಈಗ ಬಚ್ಚಲಿಗೆ ಬಿಡುತ್ತೇನೆ.

ಬಿರುಕಿನ ಸುದ್ದಿ ಕೇಳಿ ಆ ಮೆಡಿಕಲ್ ಹುಡುಗ ಊಟ ಬಿಟ್ಟು ಕಥೆ ಶುರು ಮಾಡಿದ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದು 600ಕ್ಕೂ ಜಾಸ್ತಿ ಜನ ಸತ್ತರಂತೆ. ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಆಗ ದೊಡ್ಡ ದೊಡ್ಡವರ ನಂಬಿಕೆ. ಜಾನ್ ಸ್ನೋ ಎಂಬ ಡಾಕ್ಟರು ಮನೆ ಮನೆ ಸುತ್ತಿ, ಸತ್ತವರೆಲ್ಲ ಎಲ್ಲಿಯ ನೀರು ಕುಡಿದಿದ್ದರು ಎಂದು ವಿಚಾರಿಸಿದರು. ಹೆಚ್ಚಿನವರು ಕುಡಿದಿದ್ದು ಒಂದೇ ಬಾವಿಯ ಕೈಪಂಪಿನ ನೀರು. ಸೆಪ್ಟೆಂಬರ್ 8ಕ್ಕೆ ಅದರ ಹಿಡಿ ಕಿತ್ತು ಹಾಕಿಸಿದರು. ಆಮೇಲೆ ಅಗೆದು ನೋಡಿದರೆ, ಆ ಬಾವಿಯಿಂದ ಮೂರಡಿಗೂ ಕಮ್ಮಿ ದೂರದಲ್ಲಿ ಮನೆಯೊಂದರ ಕಕ್ಕಸು ಗುಂಡಿ, ಅದೂ ಸೋರುತ್ತಿತ್ತು. ಮೂರಡಿ! ನಾನು ನಮ್ಮ ಚೇಂಬರ್ ಕಡೆ ನೋಡಿದೆ.

ಅದರಲ್ಲಿ ಒಬ್ಬ ಹೆಂಗಸಿನ ಮಾತು ಬರುತ್ತದೆ. ಅವಳು ಆ ಬೀದಿ ಬಿಟ್ಟು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದವಳು, ವಿಧವೆ. ಬ್ರಾಡ್ ಸ್ಟ್ರೀಟಿನ ನೀರೇ ರುಚಿ ಎಂದು ದಿನಾ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಆ ರುಚಿಯ ನೀರೇ ಅವಳನ್ನು ತೆಗೆದುಕೊಂಡು ಹೋಯಿತು. ನಾವೂ ಹಾಗೇ ಅಲ್ವಾ? "ಆ ಘಟಕದ ನೀರು ಸಿಹಿ, ಈ ಘಟಕದ್ದು ಸಪ್ಪೆ" ಎಂದು ಎರಡು ಬೀದಿ ದಾಟಿ ಕ್ಯಾನ್ ಹೊರುತ್ತೇವೆ. ನಾನಂತೂ ಹೊತ್ತಿದ್ದೇನೆ.

ಜಗಳೂರು ಕಡೆಯ ನಮ್ಮಜ್ಜಿ ಕಾಲರಾ ಕಂಡವಳು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಇರುತ್ತಿರಲಿಲ್ಲ, ಅಕ್ಕಿ ತೊಳೆದ ನೀರಿನಂಗೆ ಹೋಗ್ತಿತ್ತು ಎನ್ನುತ್ತಿದ್ದಳು. ಅವಳ ತಮ್ಮ ನೀರು ನೀರು ಅಂತ ಅತ್ತರೂ ಯಾರೂ ಕೊಡಲಿಲ್ಲವಂತೆ, ಕೊಟ್ಟರೆ ಇನ್ನೂ ಜಾಸ್ತಿ ಆಗುತ್ತದೆ ಎಂಬ ಹೆದರಿಕೆಗೆ. ನಿಜ ಅದರ ತದ್ವಿರುದ್ಧ. ಕಾಲರಾದ ವಿಷ ಕರುಳಿಗೆ ಉಪ್ಪು ನೀರನ್ನು ಸುರಿಸುತ್ತದೆ, ಜೋರಾದರೆ ಗಂಟೆಗೆ ಒಂದು ಲೀಟರ್ ತನಕ ಹೋಗಬಹುದು. ಆದರೂ ಉಪ್ಪಿನ ಜೊತೆ ಸಕ್ಕರೆ ಸೇರಿಸಿ ಕುಡಿಸಿದರೆ ಕರುಳು ಹೀರಿಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಸಲೈನ್ ಮುಗಿಯುತ್ತಾ ಬಂದಾಗ ದಿಲೀಪ್ ಮಹಾಲನಬಿಸ್ ಎಂಬ ಡಾಕ್ಟರು ಡ್ರಮ್ಮಿನಲ್ಲಿ ಇದನ್ನೇ ಕಲಸಿ ಕೊಡಿಸಿದರು. ಅಲ್ಲಿ ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದದ್ದು ನಾಲ್ಕಕ್ಕಿಂತ ಕಮ್ಮಿಗೆ ಇಳಿಯಿತು. ನಮ್ಮಜ್ಜಿಯ ತಮ್ಮನಿಗೆ ಬೇಕಿದ್ದಿದ್ದೂ ಅಷ್ಟೇ. ಒಂದು ಲೀಟರ್ ಒಳ್ಳೆ ನೀರು, ಆರು ಸಪಾಟು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಣ್ಣ ಚಮಚ, ಅಡುಗೆ ಸೌಟಲ್ಲ. ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿ ಸಿಕ್ಕರೆ ಅದೇ ಮೇಲು. ನೀರಿನಂತೆ ಭೇದಿ ನಿಲ್ಲದಿದ್ದರೆ ಕುಡಿಸುತ್ತಲೇ ಆಸ್ಪತ್ರೆಗೆ ಓಡಬೇಕು.

ಬಾಟಲಿಗೆ ಒಂದು ಸ್ಟಾರ್ ಯಾಕೆ ಕಡಿಮೆ ಕೊಟ್ಟೆ ಎಂದರೆ, ಇದು ಕಾಲರಾ ಇದೆಯಾ ಇಲ್ಲವಾ ಎಂದು ಹೇಳುವುದಿಲ್ಲ. ಮಲ ನೀರಿಗೆ ಸೇರುವ ದಾರಿ ಇದೆಯಾ ಎಂದಷ್ಟೇ ತೋರಿಸುತ್ತದೆ. ಕಾಲರಾ ಬರುವುದೂ ಆ ದಾರಿಯಿಂದಲೇ ಎನ್ನಿ. ಕೆಲವು ಬೋರ್‌ವೆಲ್ ನೀರು ಮಲ ಸೇರದಿದ್ದರೂ ಕಪ್ಪಾಗಬಹುದು. ಉತ್ತರಕ್ಕೆ ಒಂದೆರಡು ದಿನ ಕಾಯಬೇಕು, ಅಷ್ಟರಲ್ಲಿ ಮೂವತ್ತೆರಡು ಹುಡುಗರು ಕುಡಿಯದೆ ಇರುತ್ತಾರಾ? ನಾನು ಆ ಎರಡು ದಿನ ಕುದಿಸಿದ ನೀರು ಕೊಟ್ಟೆ, ಗ್ಯಾಸಿನ ಖರ್ಚು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಜೊತೆಗಿದ್ದ ಸೂಚನೆ ಚೀಟಿ ಇಂಗ್ಲಿಷು ಹಿಂದಿಯಲ್ಲಿ ಮಾತ್ರ, ಕನ್ನಡ ಒಂದಕ್ಷರ ಇಲ್ಲ. ಕಪ್ಪಾದ ಬಾಟಲಿ ತೆರೆದರೆ ಕೊಳೆತ ಮೊಟ್ಟೆ ವಾಸನೆ. ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ ಆಮೇಲೆ ಎಸೆಯಬೇಕು, ಮಕ್ಕಳ ಕೈಗೆ ಸಿಗಬಾರದು.

ಸಂಪಿಗೆ ಒಳಗಿನಿಂದ ಪ್ಲಾಸ್ಟರ್ ಮಾಡಿಸಿದೆ, 6,000 ಖರ್ಚು. ಈಗ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಒಂದು ಗಂಟೆ ಬಿಡುತ್ತೇನೆ. ಪುಡಿ ಹಳತಾಗಿ ಗಾಳಿಯಾಡಿದ್ದರೆ ಹಾಕಿಯೂ ದಂಡ, ಸಣ್ಣ ಪೊಟ್ಟಣ ತರುವುದೇ ಒಳ್ಳೆಯದು. ಹಳೇ ಕ್ಯಾನ್ ಗುಜರಿಗೆ ಹೋಯಿತು. ನಳ ಇರುವ ಸ್ಟೀಲ್ ಡ್ರಮ್ ಬಂತು, ಲೋಟ ಅದ್ದುವ ಹಾಗೇ ಇಲ್ಲ. ತಿಂಗಳು ಬಿಟ್ಟು ಸಂಪು ಮತ್ತು ಡ್ರಮ್ಮಿನ ನೀರನ್ನು ಮತ್ತೆ ಬಾಟಲಿಗೆ ಹಾಕಿದೆ. ಪುಡಿ ಹಾಕುವ ಮುಂಚೆಯೇ ಹಿಡಿದ ನೀರು. ಎರಡೂ ಕಪ್ಪಾಗಲಿಲ್ಲ.

ನಾಲ್ಕು ಬಾಟಲಿ ಉಳಿದಿವೆ. ಒಂದನ್ನು ಪಾನಿಪುರಿ ಗಾಡಿಗೆ ಒಯ್ಯೋಣ ಎಂದು ಹುಡುಗರ ಹಠ. ಹುಣಸೆ ಪುದೀನ ಕಲಸಿದ ನೀರಿಗೆ ಇದು ನಡೆಯಲ್ಲ, ಆ ಅಣ್ಣ ಕೊಡ ತುಂಬಿಸುವ ನೀರನ್ನೇ ಹಿಡಿಯಬೇಕು ಎಂದೆ. "ಹಂಗಾದ್ರೆ ನೀವೇ ಕೇಳಿ ಆಂಟಿ" ಎಂದರು. ಇನ್ನೂ ಕೇಳಿಲ್ಲ. ಸಂಜೆ ಅದೇ ದಾರಿಯಲ್ಲಿ ಬರುವವಳು ನಾನು, ಜೊತೆಗೆ ಅವನ ಕಾಯಂ ಗಿರಾಕಿ ಬೇರೆ.