ಕೋಚ್ ಇರುವ ಕ್ಲಬ್ಬಾ, ಬೆಳಗಿನ ಗುಂಪಾ?

40ರ ಮೇಲೆ ಈಜಿಗೆ ಎಲ್ಲಿ ಸೇರಲಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ, ಕಾರ್ಪೊರೇಷನ್ ಈಜುಕೊಳದಲ್ಲಿ ಬೆಳಗಿನ ಬ್ಯಾಚಿನವರೇ ಸೇರಿ ಮಾಡಿಕೊಂಡ ಗುಂಪು ಅಗ್ಗ. ಆದರೆ ತಪ್ಪು ತಿದ್ದುವವರು ಇರುವುದಿಲ್ಲ. ಉಸಿರಿಗೆಂದು ತಲೆ ಮೇಲೆತ್ತಿದರೆ ಸೊಂಟ ಮುಳುಗುತ್ತದೆ. ಇದು ಈಜುವವರಿಗೆ ಗೊತ್ತಾಗುವುದಿಲ್ಲ, ದಡದಲ್ಲಿ ನಿಂತ ಕೋಚ್‌ಗೆ ತಕ್ಷಣ ಕಾಣುತ್ತದೆ.

ಕ್ಲಬ್‌ನಲ್ಲಿ ಫೀಸು ಜಾಸ್ತಿ. ಆದರೆ ವೇಗ ನೋಡಿ ಲೇನ್ ಹಂಚಿದರೆ ನಿಧಾನ ಈಜುವವರಿಗೂ ನೆಮ್ಮದಿ, ಅಲ್ವಾ? ಮಾಸ್ಟರ್ಸ್ ಸ್ಪರ್ಧೆಯ, ಅಂದರೆ ವಯಸ್ಸಿನ ಪ್ರಕಾರ ವಿಭಾಗ ಮಾಡಿ ನಡೆಸುವ ವಯಸ್ಕರ ಸ್ಪರ್ಧೆಯ ಆಸೆಯಿದ್ದರೆ ಕ್ಲಬ್ಬೇ ಸರಿ. ಅಂತರರಾಷ್ಟ್ರೀಯ ನಿಯಮದಲ್ಲಿ 25ನೇ ವಯಸ್ಸಿನಿಂದ ಮೇಲಕ್ಕೆ 5 ವರ್ಷಕ್ಕೊಂದು ವಿಭಾಗ. ರಿಲೇಗೆ ನಾಲ್ವರ ವಯಸ್ಸು ಕೂಡಿಸಿ ತಂಡದ ವಿಭಾಗ ಗೊತ್ತುಮಾಡುತ್ತಾರೆ. ಹಾಗಾಗಿ ಹಿರಿಯರೂ ತಂಡಕ್ಕೆ ಬೇಕು!

ಈಜು ಚೆನ್ನಾಗಿ ಬರುತ್ತದೆ, ಜೊತೆ ಬೇಕು ಅಷ್ಟೇ ಅನ್ನುವವರಿಗೆ ಗುಂಪು ಸಾಕು. ಲೈಫ್‌ಗಾರ್ಡ್ ಇಲ್ಲದಿದ್ದರೆ ಮಾತ್ರ ಎಲ್ಲೂ ನೀರಿಗಿಳಿಯಬೇಡಿ.