ಹಿತ್ತಿಲ ಅಡುಗೆಮನೆ: ಮೂರು ಒಲೆ, ಮೂರು ಮಳೆಗಾಲ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹಿತ್ತಿಲಲ್ಲೊಂದು ಒಲೆ ಇದ್ದೇ ಇರುತ್ತದೆ. ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸಲು, ಏಪ್ರಿಲ್ ಮೇ ತಿಂಗಳಲ್ಲಿ ಹಪ್ಪಳಕ್ಕೆ ಹಲಸಿನ ಸೊಳೆ ಬೇಯಿಸಲು. ಮಳೆ ಹಿಡಿಯಿತೆಂದರೆ ಆ ಒಲೆಯ ಮೇಲೊಂದು ಹಾಳು ತಗಡು ಮುಚ್ಚಿ ಒಳಗೆ ಬರುವುದು ಎಲ್ಲರ ರೂಢಿ. ನಮಗೆ ಬೇಕಾಗಿದ್ದು ಹನ್ನೆರಡು ತಿಂಗಳೂ ನಡೆಯುವ ಹೊರಗಿನ ಅಡುಗೆಮನೆ. ಒಳಗಿನದಕ್ಕೆ ಇರುವುದು ಒಂದೇ ಕಿಟಕಿ. ನಲವತ್ತು ವರ್ಷ ಅದರೊಳಗೆ ಹೊಗೆ ಕುಡಿದ ಅತ್ತೆಗೆ ಕೆಮ್ಮು ಬಿಟ್ಟುಹೋಗಲೇ ಇಲ್ಲ. ಆ ಕೆಮ್ಮು ಕೇಳಿ ಕೇಳಿಯೇ ನಾನು ಇದಕ್ಕೆ ಕೈಹಾಕಿದ್ದು.

ಮೂರು ವರ್ಷದಲ್ಲಿ ಒಂದೇ ಜಾಗದಲ್ಲಿ ಮೂರು ಬಗೆ ಮಾಡಿ ನೋಡಿದೆವು: ಸಿಲಿಂಡರ್ ಗ್ಯಾಸು, ಗೋಬರ್ ಗ್ಯಾಸು, ಕೊನೆಗೆ ಕಟ್ಟಿಗೆ ಉರಿಸುವ, ಚಿಮಣಿ ಇರುವ ಅಸ್ತ್ರ ಒಲೆ. ಮೂರರ ಮೇಲೂ ಅದೇ ಪಾತ್ರೆಯಲ್ಲಿ ಐದು ಲೀಟರ್ ನೀರು ಇಟ್ಟು, ಮೇ ತಿಂಗಳಲ್ಲೊಮ್ಮೆ, ಪುನರ್ವಸು ಮಳೆ ಹೊಡೆಯುವಾಗ ಜುಲೈನಲ್ಲೊಮ್ಮೆ, ಕುದಿಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದೇನೆ.

ಮೊದಲ ವರ್ಷ ಸಿಲಿಂಡರ್. ಕಡಪಾ ಕಲ್ಲಿನ ಕಟ್ಟೆ, ಮೇಲೆ ಜಿಂಕ್ ಶೀಟು, ಎರಡು ಬರ್ನರಿನ ಒಲೆ. ನಾಲ್ಕೇ ದಿನದಲ್ಲಿ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಐದು ಲೀಟರ್ ನೀರು ಇಪ್ಪತ್ತು ನಿಮಿಷಕ್ಕೆ ಕುದಿಯಿತು. ಬೆಳಿಗ್ಗೆ ದೋಸೆ ಹೊಯ್ಯುತ್ತಾ ತೋಟ ನೋಡುವ ಸುಖವೇ ಬೇರೆ. ಜೂನ್ ಎರಡನೆಯ ವಾರ ಮೃಗಶಿರ ಮಳೆ ಬಂತು, ಜೊತೆಗೆ ಪಡುವಣ ಗಾಳಿ. ಉರಿ ಪಾತ್ರೆಯ ತಳ ಬಿಟ್ಟು ಪಕ್ಕಕ್ಕೆ ವಾಲಿಕೊಂಡಿತು. ಜುಲೈನಲ್ಲಿ ಅದೇ ನೀರಿಗೆ ಮೂವತ್ತೇಳು ನಿಮಿಷ ಬೇಕಾಯಿತು. ಒಳಗಿದ್ದಾಗ ನಲವತ್ತು ದಿನ ಬರುತ್ತಿದ್ದ ಸಿಲಿಂಡರು ಇಪ್ಪತ್ತೆಂಟಕ್ಕೆ ಖಾಲಿ.

ಗಾಳಿಗೆ ಸುತ್ತ ಗೋಡೆ ಕಟ್ಟಿದರಾಯಿತು ಎನಿಸಬಹುದು. ಇಲ್ಲೇ ತೊಡಕು ಇರುವುದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳುವುದಿಲ್ಲ, ನೆಲಕ್ಕಿಳಿದು ಮೂಲೆಯಲ್ಲಿ ನಿಲ್ಲುತ್ತದೆ. ನಾಲ್ಕೂ ಕಡೆ ಸೊಂಟದೆತ್ತರ ಗೋಡೆ ಕಟ್ಟಿದರೆ ಅದು ಗ್ಯಾಸು ತುಂಬುವ ತೊಟ್ಟಿ ಆಗುತ್ತದೆ. ಉರಿಗೆ ಗೋಡೆ ಬೇಕು, ಸುರಕ್ಷತೆಗೆ ನೆಲಮಟ್ಟದಲ್ಲಿ ಬಯಲು ಬೇಕು. ಪಡುವಣ ಕಡೆ ಮಾತ್ರ ಗೋಡೆ ಎಬ್ಬಿಸಿ ಉಳಿದ ಕಡೆ ತೆರೆದೇ ಬಿಟ್ಟೆವು. ಆದರೂ ಸುಳಿಗಾಳಿಗೆ ಉರಿ ಆರುವುದು ತಪ್ಪಲಿಲ್ಲ. ಉರಿ ಆರಿದ್ದು ಕಾಣದೆ ಗ್ಯಾಸು ಹರಿಯುತ್ತಲೇ ಇದ್ದ ಒಂದು ಸಂಜೆಯ ನಂತರ ನಾನು ಅದನ್ನು ವಾಪಸ್ ಒಳಗೆ ಇಡಿಸಿದೆ.

ಎರಡನೆಯ ವರ್ಷ ಗೋಬರ್ ಗ್ಯಾಸು. ನಮ್ಮದು ಮೊದಲೇ ಇದ್ದ ಎರಡು ಘನ ಮೀಟರಿನ ದೀನಬಂಧು ಮಾದರಿ, ನೆಲದೊಳಗಿನ ಗುಮ್ಮಟ. ಅಲ್ಲಿಂದ ಹಿತ್ತಿಲಿಗೆ ಪೈಪು ಎಳೆದೆವು. ಇದರ ಒಂದು ಗುಣ ನನಗೆ ತುಂಬ ಹಿಡಿಸಿತು. ಇದರಲ್ಲಿ ಉರಿಯುವುದು ಮೀಥೇನ್, ಅದು ಗಾಳಿಗಿಂತ ಹಗುರ. ಸೋರಿದರೂ ಮೇಲೆ ಹೋಗುತ್ತದೆ. ತೆರೆದ ಮಾಡಿನ ಕೆಳಗೆ ಧೈರ್ಯವಾಗಿ ಉರಿಸಬಹುದು. ಆದರೆ ಸಿಲಿಂಡರಿನ ಒಲೆ ಇದಕ್ಕೆ ಆಗಿಬರುವುದಿಲ್ಲ. ಒತ್ತಡ ಕಡಿಮೆ ಇರುವುದರಿಂದ ಅನಿಲ ಹೊರಬರುವ ಜೆಟ್‌ನ ತೂತು ದೊಡ್ಡದಿರಬೇಕು, ಗೋಬರ್ ಗ್ಯಾಸಿನ ಒಲೆಯನ್ನೇ ತರಬೇಕು.

ಪೈಪಿನ ಕಥೆ ಬೇರೆಯೇ. ಗುಂಡಿಯಿಂದ ಅನಿಲದ ಜೊತೆ ನೀರಾವಿಯೂ ಬರುತ್ತದೆ, ದಾರಿಯಲ್ಲಿ ತಣಿದು ನೀರಾಗುತ್ತದೆ. ಪೈಪು ಹಾಕಿದವರು ನಡುವೆ ಒಂದು ತಗ್ಗು ಬಿಟ್ಟಿದ್ದರು. ಅಲ್ಲಿ ನೀರು ನಿಂತು, ಒಲೆಯಲ್ಲಿ ಉರಿ ಒಮ್ಮೆ ಮೊಳದುದ್ದ ಎದ್ದು ಮರುಕ್ಷಣ ಅಡಗುತ್ತಿತ್ತು. ಸಗಣಿ ಸಾಲದೇನೋ ಎಂದು ಎರಡು ತಿಂಗಳು ಗುಂಡಿಗೆ ಸುರಿದದ್ದೇ ಸುರಿದದ್ದು. ಕಡೆಗೊಂದು ದಿನ ಪೈಪು ಬಿಚ್ಚಿದಾಗ ಅರ್ಧ ಚೊಂಬು ನೀರು ಹೊರಬಿತ್ತು. ಪೈಪು ಗುಂಡಿಯ ಕಡೆಗೆ ಇಳಿಜಾರಾಗಿ ಬರಬೇಕು, ತಗ್ಗು ತಪ್ಪದ ಕಡೆ ನೀರು ಬಿಡುವ ನಲ್ಲಿ ಇರಬೇಕು. ಮಾಡಿಸುವವರು ಇದನ್ನು ಎದುರಿಗೇ ನಿಂತು ನೋಡಿಕೊಳ್ಳಿ.

ಮೇ ತಿಂಗಳಲ್ಲಿ ನೀರು ಕುದಿಯಲು ಮೂವತ್ತೊಂದು ನಿಮಿಷ, ಜುಲೈನಲ್ಲಿ ನಲವತ್ತಾರು. ಹೊತ್ತಿಗಿಂತ ದೊಡ್ಡ ತೊಂದರೆ ಅನಿಲವೇ ಕಡಿಮೆಯಾಗುವುದು. ಒಂದು ಘನ ಮೀಟರಿಗೆ ಸುಮಾರು 25 ಕಿಲೋ ಸಗಣಿ ಬೇಕು, ಅಷ್ಟೇ ನೀರು ಬೆರೆಸಬೇಕು. ಮಲೆನಾಡು ಗಿಡ್ಡ ಹಸುಗಳು ಹಗಲಿಡೀ ಮೇಯಲು ಹೋಗುತ್ತವೆ, ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ. ಮಳೆಗಾಲದಲ್ಲಿ ಹಸು ಕೊಟ್ಟಿಗೆಯಲ್ಲೇ ಇರುವುದರಿಂದ ಸಗಣಿ ಹೆಚ್ಚು ಸಿಕ್ಕರೂ ಚಳಿಗೆ ಗುಂಡಿ ನಿಧಾನವಾಗುತ್ತದೆ. ಸಂಜೆ ಏಳಕ್ಕೆ ಅನ್ನ ಅರ್ಧ ಬೆಂದಾಗ ನೀಲಿ ಉರಿ ಆರಿಹೋಗುತ್ತಿತ್ತು. ಬೆಳಗಿನ ಚಹಾ, ಕಷಾಯ, ಹಾಲು ಕಾಯಿಸುವುದು, ಇಷ್ಟಕ್ಕಾದರೆ ಇದನ್ನು ಮೀರಿಸುವ ಒಲೆಯಿಲ್ಲ. ಹೊರಬಂದ ಸ್ಲರಿ ತೋಟಕ್ಕೆ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು.

ಮೂರನೆಯದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಶುರುವಾದ, ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನ ಒಯ್ಯುವ ಅಸ್ತ್ರ (ASTRA) ಕೇಂದ್ರದವರು ಹಳ್ಳಿಮನೆಗಳಿಗಾಗಿ ರೂಪಿಸಿದ್ದು. ಬೆಂಕಿಗೂಡು ಮುಚ್ಚಿರುತ್ತದೆ, ಕಟ್ಟಿಗೆಯ ಕೆಳಗೆ ಜಾಲರಿ, ಅದರಡಿಯಿಂದ ಗಾಳಿ. ಬಿಸಿ ಮೂರು ಕಣ್ಣುಗಳ ಕೆಳಗೆ ಹಾಯ್ದು ಚಿಮಣಿಯಿಂದ ಹೊರಹೋಗುತ್ತದೆ. ಬೆಂಕಿ ಬಯಲಲ್ಲಿಲ್ಲ, ಗೂಡಿನೊಳಗಿದೆ. ಅದಕ್ಕೇ ಪಡುವಣ ಗಾಳಿ ಇದನ್ನು ಅಲ್ಲಾಡಿಸಲಿಲ್ಲ. ಮೇ ತಿಂಗಳಲ್ಲಿ ಒಲೆ ಹೊತ್ತಿಸಿದಲ್ಲಿಂದ ಇಪ್ಪತ್ತಾರು ನಿಮಿಷ, ಜುಲೈನಲ್ಲಿ ಇಪ್ಪತ್ತೊಂಬತ್ತು. ಅಷ್ಟರಲ್ಲಿ ಎರಡನೆಯ ಕಣ್ಣಲ್ಲಿ ಬೇಳೆ ಅರ್ಧ ಬೆಂದಿರುತ್ತದೆ, ಮೂರನೆಯದರಲ್ಲಿ ಪಾತ್ರೆ ತೊಳೆಯುವ ನೀರು ಬೆಚ್ಚಗಿರುತ್ತದೆ.

ಕಟ್ಟುವಾಗ ಅತ್ತೆ ಬಾಳೆದಿಂಡಿನ ಸಿಪ್ಪೆಯೊಂದನ್ನು ಎತ್ತಿ ಹಿಡಿದು ಗಾಳಿಗೆ ಅದು ಯಾವ ಕಡೆ ವಾಲುತ್ತದೆಂದು ನೋಡಿದರು. ‘ಗಾಳಿ ಬಪ್ಪ ದಿಕ್ಕು ನೋಡಿ ಒಲೆ ಹೂಡವು ಕೂಸೆ’ ಅಂದರು. ಅವರ ಮಾತಿನಂತೆ ಬೆಂಕಿಗೂಡಿನ ಬಾಯಿ ಮೂಡಣಕ್ಕೆ ತಿರುಗಿತು, ಚಿಮಣಿ ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಹೋಯಿತು. ಚಿಮಣಿ ಗಿಡ್ಡವಾದರೆ ಗಾಳಿ ಹೊಗೆಯನ್ನು ವಾಪಸ್ ಒಳಗೆ ತಳ್ಳುತ್ತದೆ.

ಇದರಲ್ಲೂ ತಾಪತ್ರಯ ಇಲ್ಲದಿಲ್ಲ. ಪಾತ್ರೆ ಕಣ್ಣಿಗೆ ಸರಿಯಾಗಿ ಕೂರಬೇಕು, ಬೆರಳು ತೂರುವಷ್ಟು ಸಂದಿಯಿದ್ದರೂ ಅಲ್ಲೇ ಹೊಗೆ. ಪಾತ್ರೆ ಎದುರಿಗಿಟ್ಟುಕೊಂಡೇ ಕಣ್ಣು ಕೊರೆಸಿ. ಹದಿನೈದು ದಿನಕ್ಕೊಮ್ಮೆ ಚಿಮಣಿಯ ಮಸಿ ಕೊಡವಬೇಕು. ಉದ್ದ ಕೊಳ್ಳಿ ಆಗದು, ಕಟ್ಟಿಗೆ ಸಣ್ಣಗೆ ಸೀಳಿರಬೇಕು. ಬೋರಲು ಮಡಕೆಯ ಮೇಲೆ ತೆಳ್ಳಗೆ ಮಾಡುವ ಸಿಹಿತಿಂಡಿ ತೊಡದೇವಿಗೆ ಇದು ಬೇಡವೇ ಬೇಡ. ಆ ಮಡಕೆಯ ಕೆಳಗೆ ಒಂದೇ ಹದದಲ್ಲಿ ತೆಳ್ಳನೆ ಉರಿ ಬೇಕು, ಅದಕ್ಕೆ ಹಳೆಯ ತೆರೆದ ಒಲೆಯನ್ನೇ ಪಕ್ಕದಲ್ಲಿ ಉಳಿಸಿಕೊಂಡಿದ್ದೇವೆ.

ಒಲೆಯಷ್ಟೇ ಮುಖ್ಯವಾದದ್ದು ಮೇಲಿನ ಮಾಡು. ಜಿಂಕ್ ಶೀಟಿನ ಕೆಳಗೆ ಮಾರ್ಚ್‌ನಲ್ಲಿ ನಿಲ್ಲಲಾಗಲಿಲ್ಲ, ಜುಲೈನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಪತ್ರೊಡೆ ಬೇಯಿಸಿದ ದಿನ ಹಬೆ ತಣ್ಣನೆ ಶೀಟಿಗೆ ತಾಗಿ, ಶೀಟಿನ ತುಕ್ಕಿನ ಜೊತೆ ಹನಿ ಹನಿಯಾಗಿ ಸಾರಿನ ಪಾತ್ರೆಗೆ ಬಿತ್ತು. ಆಮೇಲೆ ಒಲೆಯ ಮೇಲಷ್ಟು ಮಂಗಳೂರು ಹಂಚು ಹಾಕಿಸಿದೆವು. ಹಬೆಯೂ ಹೊಗೆಯೂ ಹಂಚಿನ ಸಂದಿಯಿಂದ ತಾವಾಗಿ ಹೋಗುತ್ತವೆ. ಮಂಗ ಬಂದು ವರ್ಷಕ್ಕೆ ಹತ್ತಿಪ್ಪತ್ತು ಹಂಚು ಒಡೆಯುತ್ತದೆ, ಅಷ್ಟು ಹಂಚು ಅಟ್ಟದಲ್ಲಿ ತಂದಿಟ್ಟುಕೊಂಡಿರುತ್ತೇವೆ. ಶೀಟನ್ನು ಬಿಸಾಡದೆ ಕಟ್ಟಿಗೆ ರಾಶಿಯ ಮೇಲೆ ಹೊದೆಸಿದೆವು. ಮೃಗಶಿರದ ಒಳಗೆ ಕಟ್ಟಿಗೆ, ಕರಟ, ಅಡಿಕೆ ಹಾಳೆ ಎಲ್ಲ ಅದರಡಿ ಸೇರಲೇಬೇಕು, ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯ ಮೇಲೆ. ನೆಲದ ಮೇಲೇ ಒಟ್ಟಿದರೆ ಗೆದ್ದಲೂ ಹಾವೂ ಬರುತ್ತವೆ. ಇರಚಲು ತಡೆಯಲು ಪಡುವಣಕ್ಕೆ ಸೋಗೆ ತಟ್ಟಿ ಕಟ್ಟುತ್ತೇವೆ, ದಸರೆಗೆ ಬಿಚ್ಚುತ್ತೇವೆ.

ಕಡಪಾ ಕಲ್ಲಿನ ಬಗ್ಗೆ ಒಂದು ಮಾತು. ಅದು ಸುಣ್ಣದ ಕಲ್ಲು. ಲಿಂಬೆ, ಹುಣಸೆ, ಅಪ್ಪೆಮಿಡಿ ಮಾವಿನ ಹುಳಿ ಬಿದ್ದಲ್ಲೆಲ್ಲ ಬಿಳಿ ಕಲೆ ಕೂತಿದೆ, ಉಜ್ಜಿದರೂ ಹೋಗುವುದಿಲ್ಲ. ಮುಂದೆ ಮಾಡಿಸುವವರು ಗ್ರಾನೈಟ್ ಹಾಕಿಸಿ. ನೆಲಕ್ಕೆ ಮಾತ್ರ ನಯವಾದದ್ದು ಬೇಡ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಒರಟು ಕಲ್ಲೇ ಸರಿ.

ಒಂದನ್ನೇ ಆರಿಸಬೇಕೆಂದರೆ ನಾನು ಹೇಳುವುದು ಅಸ್ತ್ರ ಒಲೆ. ತೋಟವಿಲ್ಲದೆ ಕಟ್ಟಿಗೆ ಕೊಂಡೇ ತರುವ ಪೇಟೆ ಮನೆಗೆ ಇದು ನಡೆಯದು. ಅಂಥವರು ಸಿಲಿಂಡರನ್ನೇ ಇಟ್ಟುಕೊಂಡು, ಗಾಳಿ ಹೊಡೆಯದ ಕಡೆ ಹುಡುಕಿ, ಉರಿ ಆರಿದರೆ ತಾನಾಗಿ ಗ್ಯಾಸು ನಿಲ್ಲಿಸುವ ಒಲೆಯನ್ನೇ ಕೊಳ್ಳಲಿ. ನಮ್ಮಲ್ಲಿ ಈಗ ಅನ್ನ, ಸಾಂಬಾರು, ಕರಿಯುವುದು ಎಲ್ಲ ಅಸ್ತ್ರ ಒಲೆಯಲ್ಲಿ, ಚಹಾ ಕಷಾಯ ಗೋಬರ್ ಗ್ಯಾಸಿನಲ್ಲಿ. ಸಿಲಿಂಡರು ಒಳಗೆ, ನೆಂಟರು ಬಂದ ದಿನಕ್ಕೆ. ಅತ್ತೆ ಈಗ ಬೆಳಿಗ್ಗೆ ಮೂಡಣದ ಬಿಸಿಲಿಗೆ ಬೆನ್ನು ಕೊಟ್ಟು ಬೆಂಕಿಗೂಡಿನ ಬಾಯೆದುರು ಮಣೆ ಹಾಕಿ ಕೂರುತ್ತಾರೆ. ಈ ಮಳೆಗಾಲದಲ್ಲಿ ಕೆಮ್ಮಿನ ಔಷಧದ ಬಾಟಲಿ ಒಂದೇ ತಂದಿದ್ದು.