ಡಿಜಿಟಲ್ ಶಿಲ್ಪ ಪ್ರಿಂಟ್ ಮಾಡಿ ಮಾರೋದು: ಚಂದಾ, ಒಮ್ಮೆಲೇ ಖರೀದಿ, ರಾಯಲ್ಟಿ – ಯಾವುದು ಗಿಟ್ಟುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಯಲ್ಟಿಗೆ. ಅಂದರೆ ಕಂಪ್ಯೂಟರಿನಲ್ಲಿ ಶಿಲ್ಪ ಮಾಡುವ ಕಲಾವಿದರ ಜೊತೆ ನೇರವಾಗಿ ಮಾತಾಡಿಕೊಂಡು, ಮಾರಾಟವಾದ ಒಂದೊಂದು ಗೊಂಬೆಗೂ ಇಷ್ಟು ಅಂತ ಕೊಡುವುದು. ಮೈಸೂರಿನಲ್ಲಿ ಮನೆಯಲ್ಲೇ ರೆಸಿನ್ ಪ್ರಿಂಟರ್ (ರೆಸಿನ್ ಅನ್ನೋ ದ್ರವವನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡಿ ಗೊಂಬೆ ಎಬ್ಬಿಸುವ 3ಡಿ ಯಂತ್ರ) ಇಟ್ಟುಕೊಂಡು ಗೊಂಬೆ ಮಾರುವ ನಾನು ಮೂರೂ ದಾರಿ ಹಿಡಿದು ನೋಡಿದ್ದೇನೆ. ಯಾವ ಮಷಿನ್, ಎಷ್ಟು ಮೈಕ್ರಾನ್ ಅನ್ನೋ ವಿಷಯಕ್ಕೆ ಇಲ್ಲಿ ಹೋಗುವುದಿಲ್ಲ. ಅದಕ್ಕೆ ಬೇಕಾದಷ್ಟು ವಿಡಿಯೋಗಳಿವೆ. ಯಾರ ಶಿಲ್ಪವನ್ನು ಯಾವ ಕರಾರಿನ ಮೇಲೆ ತಂದು ಮಾರುತ್ತೀರಿ ಅನ್ನೋದೇ ಕೈಯಲ್ಲಿ ಉಳಿಯುವ ದುಡ್ಡನ್ನು ತೀರ್ಮಾನಿಸುತ್ತದೆ.

ಮೊದಲನೆಯದು ತಿಂಗಳ ಚಂದಾ. ಪೇಟ್ರಿಯಾನ್, ಮೈಮಿನಿಫ್ಯಾಕ್ಟರಿಯಂಥ ವೆಬ್‌ಸೈಟುಗಳಲ್ಲಿ ಶಿಲ್ಪಿಗಳು ಮಾರಾಟಗಾರರಿಗೆ ಅಂತಲೇ ಬೇರೆ ದರ ಇಟ್ಟಿರುತ್ತಾರೆ. ದುಡ್ಡು ಕಟ್ಟಿದರೆ ಅವರ ಮಾದರಿಗಳನ್ನು ಪ್ರಿಂಟ್ ಮಾಡಿ ಮಾರಬಹುದು, ಫೈಲ್ ಮಾತ್ರ ಯಾರಿಗೂ ಕೊಡುವಂತಿಲ್ಲ. ಕೆಲಸದ ಗುಣಮಟ್ಟಕ್ಕೆ ಪೂರ್ತಿ ಅಂಕ. ಸಪೋರ್ಟ್ (ಪ್ರಿಂಟ್ ಆಗುವಾಗ ಗೊಂಬೆಗೆ ಆಸರೆ ಕೊಡುವ ಕಡ್ಡಿಗಳು) ಹಾಕಿಯೇ ಕಳಿಸುತ್ತಾರೆ, ಫೈಲನ್ನು ಪದರಗಳಾಗಿ ಕತ್ತರಿಸುವ ಸ್ಲೈಸರ್ ಸಾಫ್ಟ್‌ವೇರ್‌ಗೆ ಹಾಕಿ ಪ್ರಿಂಟ್ ಕೊಟ್ಟರೆ ಆಯಿತು.

ತೊಂದರೆ ಇರೋದು ಆ "ತಿಂಗಳು" ಅನ್ನೋದರಲ್ಲಿ. ಗೊಂಬೆ ವ್ಯಾಪಾರ ಮೈಸೂರಿನಲ್ಲಿ ಹೇಗೆ ನಡೆಯುತ್ತದೆ ಅಂತ ಗೊತ್ತಲ್ವಾ? ಆಷಾಢದಲ್ಲಿ ಪ್ರಿಂಟ್ ಶುರು ಮಾಡಬೇಕು, ಶ್ರಾವಣದಲ್ಲಿ ಬಣ್ಣ, ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಜನ ಕೇಳಲು ಬರುತ್ತಾರೆ. ವಿಜಯದಶಮಿ ಕಳೆದರೆ ವ್ಯಾಪಾರ ತಣ್ಣಗಾಗುತ್ತದೆ. ಆಮೇಲೆ ಗೃಹಪ್ರವೇಶ, ಹುಟ್ಟುಹಬ್ಬದ ಉಡುಗೊರೆ ಅಂತ ಅಲ್ಲೊಂದು ಇಲ್ಲೊಂದು. ಚಂದಾ ಮಾತ್ರ ಹನ್ನೆರಡು ತಿಂಗಳೂ ಓಡುತ್ತಿರುತ್ತದೆ. ನಾನು ಕಟ್ಟುತ್ತಿದ್ದದ್ದು ತಿಂಗಳಿಗೆ 30 ಡಾಲರ್, ವರ್ಷಕ್ಕೆ 360. ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟುತ್ತದೆ, ಕಾರ್ಡಿನವರು ಹಿಡಿಯುವುದು ಬೇರೆ.

ಹಾಗಾದರೆ ಹಬ್ಬ ಮುಗಿದ ಮೇಲೆ ನಿಲ್ಲಿಸಿದರಾಯಿತು ಅನ್ನುತ್ತೀರಾ? ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ನಾನು ಸೇರಿದ್ದ ಕಡೆ, ಚಂದಾ ನಿಂತ ದಿನವೇ ಮಾರುವ ಹಕ್ಕೂ ನಿಲ್ಲುತ್ತಿತ್ತು. ಹೊಸದಾಗಿ ಪ್ರಿಂಟ್ ಮಾಡೋದಷ್ಟೇ ಅಲ್ಲ, ಮೊದಲೇ ಮಾಡಿಟ್ಟ ಗೊಂಬೆಗೂ ಅದೇ ನಿಯಮ. ಕಪಾಟಿನಲ್ಲಿ ಬಣ್ಣ ಹಚ್ಚಿ, ವಾರ್ನಿಶ್ ಹೊಡೆದು, ಬೆಲೆಚೀಟಿ ಅಂಟಿಸಿದ ಗೊಂಬೆಗಳು ಕೂತಿರುತ್ತವೆ, ಮಾರುವಂತಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ "ಸ್ಟಾಕ್ ಇದೆ" ಪೋಸ್ಟುಗಳನ್ನೂ ತೆಗೆಯಬೇಕು. ಒಂದೊಂದಕ್ಕೂ ರೆಸಿನ್, ಪ್ರೈಮರ್, ಎರಡೆರಡು ಸಂಜೆಯ ಕುಂಚದ ಕೆಲಸ ಹೋಗಿರುತ್ತದೆ. ಉಳಿದ ನಾಲ್ಕು ಗೊಂಬೆ ಮಾರಲಿಕ್ಕಾಗಿ ಮತ್ತೆ ಮೂರು ತಿಂಗಳು ಕಟ್ಟಿದರೆ ಆ ನಾಲ್ಕರ ಲಾಭ ಅಲ್ಲಿಗೇ ಹೋಯಿತು. ಎಲ್ಲರ ನಿಯಮ ಒಂದೇ ಅಲ್ಲ. ಉಳಿದ ಸ್ಟಾಕ್ ಮಾರಿಕೊಳ್ಳಲು ಬಿಡುವವರೂ ಇದ್ದಾರೆ. ಮತ್ತೆ ಸೇರಿದಾಗ ಹಳೆಯ ಫೈಲುಗಳಿಗೆ ಹಕ್ಕು ಬರುತ್ತದೋ ಇಲ್ಲವೋ ಅನ್ನೋದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಸೇರುವ ಮುಂಚೆ ಈ ಎರಡನ್ನು ಬರವಣಿಗೆಯಲ್ಲಿ ಕೇಳಿ. ಕಲಾವಿದರ ಮೇಲೆ ನನಗೇನೂ ಸಿಟ್ಟಿಲ್ಲ. ಅವರಿಗದು ತಿಂಗಳ ಸಂಬಳ ಇದ್ದಂತೆ, ಅವರ ನಿಯಮ ಅವರದು. ನಮ್ಮ ಹಬ್ಬದ ವ್ಯಾಪಾರಕ್ಕೆ ಅದು ಹೊಂದುವುದಿಲ್ಲ, ಅಷ್ಟೇ. ಅಲ್ಲದೆ ಅಲ್ಲಿ ಸಿಗೋದು ಜಾಸ್ತಿ ಡ್ರ್ಯಾಗನ್ನು, ಕತ್ತಿ ಹಿಡಿದ ಯೋಧರು. ಗೊಂಬೆ ಕೂರಿಸುವ ಮನೆಯವರು ಅದನ್ನು ಕೇಳೋದಿಲ್ಲ.

ಎರಡನೆಯದು, ಮಾರುವ ಹಕ್ಕಿನ ಸಮೇತ ಫೈಲನ್ನು ಒಮ್ಮೆಲೇ ಕೊಳ್ಳುವುದು. ಅಗ್ಗ, ತಲೆನೋವಿಲ್ಲ. ಆದರೆ ಅದೇ ಫೈಲ್ ಇನ್ನೂ ಎಷ್ಟೋ ಜನರ ಹತ್ತಿರ ಇರುತ್ತದೆ, ಬೆಲೆ ಬೇಗ ಬೀಳುತ್ತದೆ. ಪುಕ್ಕಟೆ ಸಿಗುವ ಫೈಲುಗಳಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ "ಎನ್‌ಸಿ" (ನಾನ್‌ಕಮರ್ಷಿಯಲ್, ವ್ಯಾಪಾರಕ್ಕಲ್ಲ) ಗುರುತು ಇದ್ದರೆ ಮಾರುವ ಮಾತೇ ಇಲ್ಲ. ಸಿನಿಮಾದ ಪಾತ್ರವಾದರೆ ಶಿಲ್ಪ ಮಾಡಿದವರ ಒಪ್ಪಿಗೆಯೊಂದೇ ಸಾಲದು, ಆ ಪಾತ್ರದ ಹಕ್ಕು ಸಿನಿಮಾದವರದು.

ಇನ್ನೊಂದು, ಸ್ಕ್ರೀನ್ ಮೇಲೆ ನೋಡಲು ಅಂತ ಮಾಡಿದ ಶಿಲ್ಪಗಳು. ಕೆಲವು ಒಳಗೆ ಪೊಳ್ಳು, ಹೊರಗೆ ಎಲ್ಲೂ ತೂತಿಲ್ಲ. ಪ್ರಿಂಟ್ ಆದಾಗ ಒಳಗೆ ಹಸಿ ರೆಸಿನ್ ಸಿಕ್ಕಿಕೊಳ್ಳುತ್ತದೆ. ವಾರಗಳ ಮೇಲೆ ಹಿಮ್ಮಡಿಯ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟು, ಅಂಟಂಟಾದ ದ್ರವ ಜಿನುಗಿ ಬಣ್ಣ ಎದ್ದು ಬರುತ್ತದೆ. ಅದನ್ನು ಬರಿಗೈಲಿ ಮುಟ್ಟಬಾರದು. ಇಂಥ ಫೈಲಿನಲ್ಲಿ ಪೀಠದ ಕೆಳಗೆ ಎರಡು ತೂತು ಇಟ್ಟು, ಒಳಗೂ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ಒಣಗಿಸಿ, ಒಳಗೆ ಯುವಿ ಬೆಳಕು ಬಿಡಲೇಬೇಕು.

ಇನ್ನು ರಾಯಲ್ಟಿ. ಉಡುಪಿ ಕಡೆಯ ಕಲಾವಿದೆಯೊಬ್ಬರು ಜೀಬ್ರಷ್ ಅನ್ನೋ ಶಿಲ್ಪದ ಸಾಫ್ಟ್‌ವೇರ್‌ನಲ್ಲಿ ಯಕ್ಷಗಾನದ ರಾಜವೇಷ ಮಾಡಿದ್ದರು. ನೋಡಿ ಮೆಸೇಜ್ ಮಾಡಿದೆ, ಮಾತು ಕುದುರಿತು. ಕಿರೀಟವನ್ನೂ ಎರಡು ಭುಜಕೀರ್ತಿಗಳನ್ನೂ ಬೇರೆ ಮಾಡಿ, ಗೂಟ ಮತ್ತು ತೂತು ಇಟ್ಟು ಕೊಟ್ಟರು. ಮೊದಲ ಪ್ರಿಂಟ್‌ನಲ್ಲಿ ಬಣ್ಣದ ದಪ್ಪಕ್ಕೆ ಗೂಟ ಒಳಗೇ ಹೋಗಲಿಲ್ಲ. ಗೂಟಕ್ಕೂ ತೂತಿಗೂ ನಡುವಿನ ಸಂದನ್ನು 0.1 ಮಿಲಿಮೀಟರಿನಿಂದ 0.2ಕ್ಕೆ ಸಡಿಲಿಸಿ ಅದೇ ಸಂಜೆ ಫೈಲ್ ಕಳಿಸಿದರು. ಈಗ ಒತ್ತಿದರೆ ಟಕ್ಕಂತ ಕೂರುತ್ತದೆ. ಕೊರಿಯರ್‌ನಲ್ಲೂ ಕಿರೀಟ ಬೇರೆ ಪೊಟ್ಟಣದಲ್ಲಿ ಹೋಗುವುದರಿಂದ ಮುರಿಯುವುದಿಲ್ಲ. ಪೀಠದ ಅಡಿಯಲ್ಲಿ ಅವರ ಸಹಿ ಇದೆ, ಗೊಂಬೆಯ ನಂಬರೂ ಇದೆ. ಎಷ್ಟು ಮಾರಿದೆ ಅನ್ನೋ ಲೆಕ್ಕದ ಶೀಟ್ ಇಬ್ಬರಿಗೂ ಕಾಣುತ್ತದೆ.

ಲೆಕ್ಕ ಹೀಗೆ: ಬೆಲೆ 1,800. ಅವರಿಗೆ ಶೇಕಡಾ 15, ಅಂದರೆ 270. ರೆಸಿನ್ 240 ರೂಪಾಯಿ ಆಸುಪಾಸು. ಬಣ್ಣ, ಡಬ್ಬಿ, ಕೊರಿಯರ್ ಕಳೆದರೂ ನನ್ನ ಕೂಲಿ ಗಿಟ್ಟುತ್ತದೆ. ಮಾರಾಟವಿಲ್ಲದ ತಿಂಗಳು ಕೊಡುವುದು ಸೊನ್ನೆ.

ಬಾಯಿಮಾತಿನಲ್ಲಿ ಮಾತ್ರ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಿಲ್ಪ ಕಲಾಕೃತಿಯೇ, ಅದನ್ನು ಬಳಸುವ ಅನುಮತಿ ಬರವಣಿಗೆಯಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಹಿಡಿಯುತ್ತಾರೆ. ಅಮೆರಿಕದಲ್ಲಿ ಗೊಂಬೆ ಕೂರಿಸುವ ನಮ್ಮವರೂ ಕೇಳುತ್ತಾರೆ, ಹಾಗಾಗಿ ಹೊರದೇಶದ ಮಾರಾಟವನ್ನೂ ಸೇರಿಸಿದೆವು. ಒಪ್ಪಂದ ಮುಗಿದ ಮೇಲೆ ಉಳಿದ ಗೊಂಬೆಗಳನ್ನು ಅದೇ ರಾಯಲ್ಟಿ ಕೊಟ್ಟು ಮಾರಬಹುದು ಅನ್ನೋ ಸಾಲನ್ನು ನಾನೇ ಕೇಳಿ ಹಾಕಿಸಿದೆ.

ಕೊರತೆ ಇಲ್ಲ ಅಂತಲ್ಲ. ಇಂಥ ಕಲಾವಿದರನ್ನು ಹುಡುಕಲು ತಾಳ್ಮೆ ಬೇಕು. ತಿಂಗಳಿಗೊಂದು ಹೊಸ ಸೆಟ್ ಬರುವುದಿಲ್ಲ, ವರ್ಷಕ್ಕೆ ಒಂದೆರಡು ಮಾದರಿ ಬಂದರೆ ಹೆಚ್ಚು.

ಬೆಂಗಳೂರಿನಲ್ಲಿ ಟೇಬಲ್ ಮೇಲಿನ ಆಟದ ಗೊಂಬೆಗಳನ್ನು ವರ್ಷವಿಡೀ ಮಾರುವವರಾದರೆ ಚಂದಾ ತೆಗೆದುಕೊಳ್ಳಿ, ದುಡ್ಡು ವಸೂಲಾಗುತ್ತದೆ. ಸುಮ್ನೆ ಕೈ ಆಡಿಸಿ ನೋಡುವವರಿಗೆ ಒಂದು ಫೈಲ್ ಸಾಕು. ನಾನು ಒಂದು ಸಲಕ್ಕೆ ಹತ್ತೇ ಗೊಂಬೆ ಮಾಡುವವನು, ಬಣ್ಣಕ್ಕೆ ಸಮಯ ಕೊಡುವವನು, ಮಾರಾಟವಾಗುವ ಮುಂಚೆ ದುಡ್ಡು ಸುರಿಯಲು ಆಗದವನು. ಚಂದಾ ನಿಲ್ಲಿಸಿ ಉಳಿದ ದುಡ್ಡಿನಲ್ಲಿ ಅದೇ ಕಲಾವಿದೆಗೆ ಮುಂಗಡ ಕೊಟ್ಟು, ಈ ದಸರಾಕ್ಕೆ ಅಂಬಾರಿ ಹೊತ್ತ ಆನೆ ಮಾಡಿಸುತ್ತಿದ್ದೇನೆ.